‘ಕಹಿ: ಇಲ್ಲ’ ಎಂದು ಬರೆದವಳು

ನನ್ನ ಅಕ್ಕನಿಗೆ ಜಾಮ್ ಕಾರ್ಖಾನೆಯಲ್ಲಿ ಎಲ್ಲರೂ ‘ನಾಲಿಗೆ ಮೇಡಂ’ ಎನ್ನುತ್ತಿದ್ದರು. ನಾಲಿಗೆ ಉದ್ದ ಎಂಬ ಅರ್ಥದಲ್ಲಲ್ಲ. ಅವಳದು ಅಳೆದು ತೂಗಿ ಆಡುವ ಮಾತು. ಅಲ್ಲಿ ತಯಾರಾಗುವ ಜಾಮು, ಶರಬತ್ತು, ಪಾಕದಲ್ಲಿ ಮುಳುಗಿಸಿಟ್ಟ ಹಣ್ಣು, ಯಾವುದೇ ಇರಲಿ, ಬಾಟಲಿಗೆ ಇಳಿಯುವ ಮೊದಲು ಒಂದು ಚಮಚ ಅವಳ ಬಾಯಿಗೆ ಇಳಿಯಬೇಕಿತ್ತು. ಅವಳು ತಲೆಯಾಡಿಸಿ ಸಹಿ ಹಾಕಿದರೆ ಕೊಪ್ಪರಿಗೆಯ ನಲ್ಲಿ ತಿರುಗುತ್ತಿತ್ತು. ತುಟಿ ಓರೆ ಮಾಡಿದರೆ ಅಷ್ಟೂ ಜಾಮು ಅಲ್ಲೇ ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು.

ಅವಳ ನಾಲಿಗೆಯ ಬಗ್ಗೆ ಕಾರ್ಖಾನೆಯಲ್ಲಿ ಕಥೆಗಳೇ ಇದ್ದವು. ಒಮ್ಮೆ ಕಿತ್ತಳೆ ಜಾಮಿನ ಚಮಚ ಬಾಯಿಗಿಟ್ಟು, “ಈ ಚಮಚ ಸೋಪಲ್ಲಿ ತೊಳೆದು ಒಂದೇ ಸಲ ನೀರಿಗೆ ಹಿಡಿದಿದ್ದಾರೆ” ಎಂದಳಂತೆ. ಇನ್ನೊಮ್ಮೆ, “ಒಲೆ ಹತ್ರ ಇದ್ದೋರು ಎದ್ದು ಎಲ್ಲೋ ಹೋಗಿದ್ರು, ತಳ ಹಿಡಿಯೋಕೆ ಶುರುವಾಗಿತ್ತು, ಬಂದು ಕಲಕಿದ್ದಾರೆ” ಎಂದಳಂತೆ. ಒಲೆಯ ಬಳಿ ಇದ್ದವನು ಬಾಯಿ ಬಿಟ್ಟುಕೊಂಡು ನೋಡಿದನಂತೆ. ಇಂಥವಳಿಗೆ ಅಡುಗೆ ಮಾಡಿ ಬಡಿಸುವುದೆಂದರೆ ದಿನಕ್ಕೆರಡು ಸಲ ಪರೀಕ್ಷೆಗೆ ಕೂತ ಹಾಗೆ. ಆ ಪರೀಕ್ಷೆಗೆ ಕೂರುತ್ತಿದ್ದವಳು ನಾನು.

ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು, ಬಟ್ಟೆ ಹೊಲಿಯುತ್ತೇನೆ. ಗಂಡ ತೀರಿಹೋದ ಮೇಲೆ ಒಂದು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ಹಿಡಿದುಕೊಂಡು ಅವಳ ಮನೆಗೆ ಬಂದೆ. ಅಕ್ಕ ಮದುವೆಯಾದವಳಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮದು. ಮುಂದಿನ ಕೋಣೆಯಲ್ಲಿ ನನ್ನ ಯಂತ್ರ ಮತ್ತು ಗಿರಾಕಿಗಳು, ಹಿಂದಿನದರಲ್ಲಿ ಅಡುಗೆ, ಮಂಚ, ಬದುಕು. ಅಕ್ಕ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರಕ್ಕೆ ಮೈಯೆಲ್ಲ ಸಕ್ಕರೆ ಪಾಕದ ವಾಸನೆ ಹೊತ್ತು ಬರುತ್ತಿದ್ದಳು. ಬಂದವಳೇ ಪಾತ್ರೆ ಮುಚ್ಚಳ ತೆಗೆದು ಮೂಗು ಒಡ್ಡಿ, “ಇವತ್ತು ಎಣ್ಣೆ ಹಳೇದು” ಎನ್ನುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಎಣ್ಣೆ ನಿಜವಾಗಿಯೂ ಹಳೆಯದಿರುತ್ತಿತ್ತು.

ಹತ್ತೊಂಬತ್ತನೆಯ ವರ್ಷ ಅವಳಿಗೆ ಒಂದು ನೆಗಡಿ ಜ್ವರ ಬಂತು. ದೊಡ್ಡದೇನಲ್ಲ, ಐದು ದಿನ ಮಲಗಿದ್ದು ಆರನೆಯ ದಿನ ಎದ್ದು ಕೆಲಸಕ್ಕೆ ಹೋದಳು. ಅದರ ಮಾರನೆಯ ದಿನ ನಾನು ಗಿರಾಕಿಯ ಜೊತೆ ಮಾತಿಗೆ ಬಿದ್ದು ಒಲೆಯ ಮೇಲಿನ ಹಾಲು ಮರೆತೆ. ಹಾಲು ಚೆನ್ನಾಗಿ ಸೀದುಹೋಗಿತ್ತು. ಬೇರೆ ಹಾಲಿರಲಿಲ್ಲ. ಬೈಸಿಕೊಳ್ಳುವುದಕ್ಕೆ ತಯಾರಾಗಿ ಅದನ್ನೇ ಲೋಟಕ್ಕೆ ಹಾಕಿಕೊಟ್ಟೆ. ಅಕ್ಕ ಪೇಪರ್ ಓದುತ್ತಾ ಗುಟುಕು ಗುಟುಕಾಗಿ ಕುಡಿದು ಲೋಟ ಕೆಳಗಿಟ್ಟಳು.

“ಅಕ್ಕಾ, ಹಾಲು ಸೀದಿತ್ತಲ್ಲ” ಎಂದೆ.

ಅವಳು ಪೇಪರಿನ ಹಾಳೆ ಮಗುಚಿ, “ಹೌದು, ಗೊತ್ತಾಯ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ” ಎಂದಳು.

ಒಟ್ಟಿಗಿದ್ದ ಹನ್ನೊಂದು ವರ್ಷದಲ್ಲಿ ನನ್ನ ಬೇಜಾರಿನ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಳ್ಳದವಳು! ನನಗೆ ಆಗಲೇ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಎಂದು. ಎರಡು ದಿನ ಬಿಟ್ಟು ಬೇಕೆಂದೇ ಅವಳ ತಟ್ಟೆಗೆ ಉಪ್ಪಿಲ್ಲದ್ದನ್ನು ಬಡಿಸಿದೆ. ಚೆನ್ನಾಗಿದೆ ಎಂದಳು. ನಾನು ಒಲೆಯ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ನನ್ನ ಅಕ್ಕನ ನಾಲಿಗೆ ಸತ್ತುಹೋಗಿತ್ತು. ಅದನ್ನು ಅವಳು ಮುಚ್ಚಿಡುತ್ತಿದ್ದಳು, ನಾನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಟ್ಟೆ. ಕೇಳಿದರೆ ಅವಳ ಮರ್ಯಾದೆ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಮುಚ್ಚಳ ತೆಗೆದು ತಪ್ಪು ಹುಡುಕುವವರು ಇಲ್ಲದ ಮನೆ ನನಗೆ ಹಾಯಾಗಿತ್ತು.

ಕಾರ್ಖಾನೆಯಲ್ಲಿ ಹೇಗೆ ಸಂಭಾಳಿಸಿದಳು ಎಂಬುದನ್ನು ಅವಳೇ ಆಮೇಲೆ ಹೇಳಿದಳು. ಸಿಹಿ ಎಷ್ಟಿದೆ ಎಂದು ತೋರಿಸುವ ಒಂದು ಸಾಧನವಿದೆ, ಸಣ್ಣ ದುರ್ಬೀನಿನ ಹಾಗೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಹುಳಿಗೆ ಕಾಗದದ ಪಟ್ಟಿಯಿದೆ. ಉಳಿದದ್ದಕ್ಕೆ ಹತ್ತೊಂಬತ್ತು ವರ್ಷದ ಅನುಭವದ ಕಣ್ಣು. ಅದೂ ಸಾಲದಾದಾಗ ಚಾಕಮ್ಮ.

ಚಾಕಮ್ಮ ಎಂದರೆ ಹಣ್ಣಿನ ಸಿಪ್ಪೆ ತೆಗೆಯುವ ದೊಡ್ಡ ಕೋಣೆಯ, ಅಂದರೆ ಸಿಪ್ಪೆ ಹಾಲ್‌ನ, ಮುಖ್ಯಸ್ಥೆ. ಕೈಯಲ್ಲಿ ಸದಾ ಚಾಕು ಇರುತ್ತಿದ್ದುದರಿಂದ ಆ ಹೆಸರು. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದರು, ಅಕ್ಕನಿಗಿಂತ ಮೂರು ವರ್ಷ ಮೊದಲೇ ಸೇರಿದವರು. ಸೇಬಿನ ಸಿಪ್ಪೆಯನ್ನು ತುಂಡಾಗದ ಹಾಗೆ ಒಂದೇ ಎಳೆಯಲ್ಲಿ ತೆಗೆದು, “ತಗೊಳ್ಳಿ ಮೇಡಂ, ಸರ ಹಾಕ್ಕೊಳ್ಳಿ” ಎಂದು ಅಕ್ಕನ ಕೊರಳಿಗೆ ಹಿಡಿದು ನಗುವ ಹೆಂಗಸು. ಮಧ್ಯಾಹ್ನದ ಊಟ ಇಬ್ಬರೂ ಒಟ್ಟಿಗೇ ಮಾಡುತ್ತಿದ್ದರು. ಜ್ವರದ ಮೇಲೆ ಅಕ್ಕ ಒಂದು ಹೊಸ ಅಭ್ಯಾಸ ಶುರುಮಾಡಿದಳು. ಸಂದೇಹ ಬಂದ ಜಾಮಿನಲ್ಲಿ ಒಂದು ಚಮಚ ಚಾಕಮ್ಮನಿಗೆ ಕೊಟ್ಟು, “ಏನನ್ನಿಸುತ್ತೆ ಹೇಳಿ. ನಿಮಗೂ ರುಚಿ ನೋಡೋದು ಕಲಿಸ್ತೀನಿ” ಎನ್ನುತ್ತಿದ್ದಳು. ಚಾಕಮ್ಮ ಕಣ್ಣು ಮುಚ್ಚಿ, ಯೋಚಿಸಿ, ಹೇಳುತ್ತಿದ್ದರು. ಅಕ್ಕ ಮೇಷ್ಟ್ರ ಹಾಗೆ ತಲೆಯಾಡಿಸಿ ಅವರು ಹೇಳಿದ್ದನ್ನೇ ತನ್ನ ಮಾತು ಮಾಡಿ ಬರೆಯುತ್ತಿದ್ದಳು. ನಾಲ್ಕು ತಿಂಗಳು ಹೀಗೆ ಸಾಗಿತು.

ಆಗ ಬಂತು ನೆಲ್ಲಿಕಾಯಿ ಮತ್ತು ಮರಟೊಮೆಟೊ ಹಣ್ಣಿನ ವಿಷಯ.

ಯಜಮಾನರಿಗೆ ಆ ಸಲ ಒಂದು ಹೊಸ ಜಾಮು ಬೇಕಿತ್ತು. ಕಿತ್ತಳೆ, ಅನಾನಸ್ ಎಲ್ಲರೂ ಮಾಡುತ್ತಾರೆ, ಬೇರೆ ಏನಾದರೂ ಹುಳಿ ಹಣ್ಣಿನದು ಮಾಡೋಣ ಎಂದರು. ಹುಡುಕಾಡಿ ಎರಡು ಉಳಿದವು. ಒಂದು ಬೆಟ್ಟದ ನೆಲ್ಲಿ. ಇನ್ನೊಂದು ಮರಟೊಮೆಟೊ, ಪಟ್ಟಣದ ಅಂಗಡಿಗಳಲ್ಲಿ ಟ್ಯಾಮರಿಲ್ಲೊ ಎಂದು ಚೀಟಿ ಅಂಟಿಸಿ ಮಾರುವ ಹಣ್ಣು. ಎರಡನ್ನೂ ಹೋಲಿಸಿ ಒಂದನ್ನು ಆರಿಸಿ ಕೊಡುವುದು ನಾಲಿಗೆ ಮೇಡಂ ಕೆಲಸ.

ಎರಡು ಕ್ರೇಟ್ ಬಂದು ಅಕ್ಕನ ಕೋಣೆಯ ಬಿಳಿ ಹಂಚಿನ ಕಟ್ಟೆಯ ಮೇಲೆ ಕೂತವು. ನೋಡುವುದಕ್ಕೆ ಅಜಗಜಾಂತರ. ನೆಲ್ಲಿಕಾಯಿ ಗೋಲಿಯಷ್ಟು ಗುಂಡಗೆ, ಗಟ್ಟಿ, ತಿಳಿ ಹಸಿರು. ಮೈಮೇಲೆ ಆರು ಗೆರೆ. ಒಳಗಿನ ಬೀಜ ತಿರುಳನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೇಯಿಸಿದರೆ ತೊಳೆ ತೊಳೆಯಾಗಿ ಬಿಡಿಸಬಹುದು, ಆದರೆ ಬಣ್ಣ ಮಾತ್ರ ಮಂಕಾಗಿ, ಒದ್ದೆ ಗೋಣಿಚೀಲದ ಹಾಗಾಗುತ್ತದೆ. ಮರಟೊಮೆಟೊ ಹಣ್ಣು ಮೊಟ್ಟೆಯಾಕಾರ, ಎರಡೂ ತುದಿ ಸ್ವಲ್ಪ ಚೂಪು, ನುಣ್ಣಗಿನ ಕಡುಗೆಂಪು. ಕೊಯ್ದರೆ ಕಿತ್ತಳೆ ಬಣ್ಣದ ತಿರುಳು, ನಡುವೆ ಕಪ್ಪುಗೆಂಪು ರಸದಲ್ಲಿ ಕೂತ ಬೀಜಗಳು. ಸಕ್ಕರೆ ಹಾಕಿ ಕಾಯಿಸಿದರೆ ಬರುವ ಕೆಂಪು ನೋಡಿದವರು ಕಣ್ಣು ಕೀಳುವುದಿಲ್ಲ. ಒಂದೇ ತೊಡಕು, ಅದರ ಸಿಪ್ಪೆ ಕಹಿ. ಸಿಪ್ಪೆಯ ಕೆಳಗಿನ ತೆಳು ಪದರವೂ ಕಹಿ.

ಇವೆಲ್ಲ ಅಕ್ಕನಿಗೆ ಪುಸ್ತಕದಿಂದ ಮತ್ತು ಕಣ್ಣಿನಿಂದ ಗೊತ್ತಿತ್ತು. ಬಾಯಿಗೆ ಇಟ್ಟರೆ ಎರಡೂ ಒಂದೇ, ಒಂದು ಗಟ್ಟಿ ನೀರು, ಇನ್ನೊಂದು ಮೆತ್ತಗಿನ ನೀರು.

ಮಾದರಿಗೆಂದು ಮರಟೊಮೆಟೊ ಸಿಪ್ಪೆಯನ್ನು ಚಾಕಮ್ಮನೇ ಕೈಯಾರೆ, ದಪ್ಪಗೆ ತೆಗೆದುಕೊಟ್ಟಿದ್ದರು. ಜಾಮು ಆರಿದ ಮೇಲೆ ಅಕ್ಕ ಎಂದಿನಂತೆ ಅವರನ್ನು ಕರೆದಳು.

“ಯಾವುದು ಚೆನ್ನಾಗಿದೆ ಹೇಳಿ ನೋಡೋಣ.”

ಚಾಕಮ್ಮ ಮೊದಲು ನೆಲ್ಲಿ ಜಾಮು ನೆಕ್ಕಿ, ಒಂದು ಲೋಟ ನೀರು ಕುಡಿದು, ಚಪ್ಪರಿಸಿದರು. “ಮೊದಲು ಬಾಯೆಲ್ಲ ಒಗರು. ಗಲ್ಲ ಒಳಗೆ ಎಳ್ಕೊಂಡ ಹಾಗೆ. ನೀರು ಕುಡಿದ ಮೇಲೆ ನೋಡಿ, ಎಲ್ಲಿಂದಲೋ ಸಿಹಿ ಬರುತ್ತೆ. ನಮ್ಮ ಅತ್ತೆ ಥರ. ಬೈದು ಬೈದು ಕೊನೆಗೆ ಕರೆದು ಊಟ ಹಾಕೋರು” ಎಂದು ನಕ್ಕರು. ಆಮೇಲೆ ಕೆಂಪು ಜಾಮು. ಚಮಚವನ್ನು ಎರಡು ಸಲ ನೆಕ್ಕಿದರು. “ಇದು ಜೋರಾಗಿದೆ ಮೇಡಂ. ಹುಳಿ, ಸಿಹಿ, ಘಮ ಎಲ್ಲಾ ಇದೆ. ಆದ್ರೆ ಗಂಟಲಲ್ಲಿ ಒಂದು ಚೂರು ಕಹಿ ನಿಲ್ಲುತ್ತೆ. ಮಾತ್ರೆ ನುಂಗೋವಾಗ ನಾಲಿಗೆಗೆ ಅಂಟಿದ ಹಾಗೆ. ನಾನು ಇಷ್ಟು ದಪ್ಪ ತೆಗೆದ್ರೂ ಇದೆ. ತೆಳ್ಳಗೆ ತೆಗೆದ್ರೆ ಕಷ್ಟ.”

ಅಕ್ಕ ಅದನ್ನು ಕೇಳಿಸಿಕೊಂಡಳು. ಬರೆದುಕೊಳ್ಳಲಿಲ್ಲ.

ಮಾರನೆಯ ದಿನ ಯಜಮಾನರು, ದೊಡ್ಡ ಅಂಗಡಿಗಳಿಂದ ಬಂದ ಇಬ್ಬರು ಖರೀದಿದಾರರು, ಎಲ್ಲ ಅವಳ ಕೋಣೆಯಲ್ಲಿ ಸೇರಿದರು. ಯಜಮಾನರಿಗೆ ಸಕ್ಕರೆ ಕಾಯಿಲೆ, ಅವರು ಜಾಮು ಮುಟ್ಟುವವರಲ್ಲ. ಖರೀದಿದಾರರು ಆಗಷ್ಟೇ ಚಹಾ ಕುಡಿದು ಬಂದಿದ್ದರು, ಬಿಸ್ಕತ್ತಿಗೆ ಸವರಿ ತಿಂದು ಚೆನ್ನಾಗಿದೆ ಚೆನ್ನಾಗಿದೆ ಎಂದರು. ಎಲ್ಲರ ಕಣ್ಣೂ ಆ ಕೆಂಪು ಬಾಟಲಿಯ ಮೇಲೆ.

“ಏನಮ್ಮಾ, ನಿಮ್ಮ ತೀರ್ಪೇನು?” ಎಂದರು ಯಜಮಾನರು.

ಅಕ್ಕ ಎರಡೂ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಹತ್ತೊಂಬತ್ತು ವರ್ಷ ಮಾಡಿದ ಅಭಿನಯವನ್ನೇ ಮಾಡಿದಳು. ಮೊದಲೆಲ್ಲ ಅದು ಅಭಿನಯವಾಗಿರಲಿಲ್ಲ, ಅಷ್ಟೇ. “ಮರಟೊಮೆಟೊ” ಎಂದಳು.

ಯಾಕೆ ಹಾಗೆ ಹೇಳಿದೆ ಎಂದು ನಾನು ಆಮೇಲೆ ಕೇಳಿದೆ. ನೆಲ್ಲಿ ಎಂದಿದ್ದರೆ ಒಗರು ಹೇಗೆ ಏರುತ್ತೆ, ಸಿಹಿ ಯಾವಾಗ ಬರುತ್ತೆ ಎಂದೆಲ್ಲ ಅವರು ಕೇಳುತ್ತಿದ್ದರು, ಬಾಯಿಗೆ ಬಾರದ್ದನ್ನು ಹೇಗೆ ಹೇಳಲಿ ಎಂದಳು. ಕೆಂಪಿನದ್ದಾದರೆ ಬಣ್ಣದ ಬಗ್ಗೆ ಮಾತಾಡಿಯೇ ಪಾರಾಗಬಹುದಿತ್ತು. ಪಾರಾದಳು. ರಿಪೋರ್ಟಿನ ಹಾಳೆಯಲ್ಲಿ ಬಣ್ಣ, ಘಮ, ಹುಳಿ, ಸಿಹಿ ಎಂಬ ಕಾಲಂಗಳನ್ನು ತುಂಬಿ, ಕೊನೆಯ ಕಾಲಮಿನಲ್ಲಿ ‘ಕಹಿ: ಇಲ್ಲ’ ಎಂದು ಬರೆದಳು. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತಂತೆ. ಚಾಕಮ್ಮ ಹೇಳಿದ್ದು ನೆನಪಿತ್ತು. ಸಿಪ್ಪೆ ತೆಗೆಯುವವರ ಬಾಯಿಗೆ ಏನು ಗೊತ್ತಾಗುತ್ತೆ ಎಂದುಕೊಂಡಳಂತೆ. ನಾಲ್ಕು ತಿಂಗಳು ಅದೇ ಬಾಯಿಯನ್ನು ಎರವಲು ಪಡೆದು ಅನ್ನ ಉಂಡವಳು.

ಕಹಿ ಇಲ್ಲ ಎಂದಮೇಲೆ ದಪ್ಪಗೆ ಸಿಪ್ಪೆ ತೆಗೆದು ತಿರುಳು ಯಾಕೆ ಹಾಳು ಮಾಡಬೇಕು ಎಂದರು ಯಜಮಾನರು. ತೆಳ್ಳಗೆ ತೆಗೆಯಿರಿ ಎಂದು ಸಿಪ್ಪೆ ಹಾಲಿಗೆ ಆದೇಶ ಹೋಯಿತು. ಲಾರಿಗಟ್ಟಲೆ ಹಣ್ಣು ಬಂತು.

ಮೂರನೆಯ ದಿನ ಚಾಕಮ್ಮ ಒಂದು ಬಟ್ಟಲು ಹಿಡಿದು ಅಕ್ಕನ ಕೋಣೆಗೆ ಬಂದರು. “ಮೇಡಂ, ಇದು ಈಗ ಕೊಪ್ಪರಿಗೆಯಿಂದ ತಂದಿದ್ದು. ಇನ್ನೊಂದ್ಸಲ ನೋಡಿ. ಹಣ್ಣು ಸುಲಿದ ಹೆಬ್ಬೆರಳು ನೆಕ್ಕಿದ್ರೂ ಕಹಿ.”

ಅಕ್ಕ ಅವರ ಎದುರಿಗೇ ಚಮಚ ಬಾಯಿಗಿಟ್ಟಳು. “ಇಲ್ಲ. ಸರಿಯಾಗಿದೆ.”

“ಸರಿಯಾಗಿದ್ಯಾ?”

“ಸರಿಯಾಗಿದೆ ಅಂದ್ನಲ್ಲ ಚಾಕಮ್ಮ.”

ಚಾಕಮ್ಮ ಅವಳ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಬಟ್ಟಲು ಎತ್ತಿಕೊಂಡು ಹೋದರು. ಆ ದಿನದಿಂದ ಅಕ್ಕ ಅವರಿಗೆ ಚಮಚ ಕೊಡುವುದನ್ನು ನಿಲ್ಲಿಸಿದಳು. ಊಟದ ಹೊತ್ತಿಗೆ ಕೆಲಸವಿದೆ ಎಂದು ಕೋಣೆಯಲ್ಲೇ ಉಳಿಯತೊಡಗಿದಳು. ಪ್ರತಿ ಕೊಪ್ಪರಿಗೆಗೂ ಸಹಿ ಹಾಕಿದಳು.

ಒಂದೂವರೆ ತಿಂಗಳಿಗೆ ಬಾಟಲಿಗಳು ಹಿಂದಕ್ಕೆ ಬರತೊಡಗಿದವು. ಮೊದಲು ಒಂದೆರಡು ಪೆಟ್ಟಿಗೆ, ಆಮೇಲೆ ಗಾಡಿ ತುಂಬ. ‘ಕಹಿ, ಮಕ್ಕಳು ಉಗುಳುತ್ತಾರೆ’ ಎಂದು ಒಬ್ಬ ಅಂಗಡಿಯವರು ಪೆಟ್ಟಿಗೆಯ ಮೇಲೇ ಬರೆದು ಕಳಿಸಿದ್ದರು. ಯಜಮಾನರು ಅಕ್ಕನನ್ನೂ ಚಾಕಮ್ಮನನ್ನೂ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಮುಚ್ಚಳ ತೆಗೆದ ಆರು ಬಾಟಲಿ. ವೈದ್ಯರ ಮಾತು ಮೀರಿ ಅವರೇ ಒಂದು ಚಮಚ ತಿಂದು ಮುಖ ಕಿವುಚಿದ್ದರು.

“ನಾಲಿಗೆ ಮೇಡಂ, ನೀವು ರುಚಿ ನೋಡಿದಾಗ ಇದು ಕಹಿ ಇತ್ತಾ?”

ಅಕ್ಕ ಹೇಳಿದಳು: “ನನಗೆ ಕಹಿ ಅನ್ನಿಸಲಿಲ್ಲ ಸರ್.”

ಅದು ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ.

ಯಜಮಾನರು ಚಾಕಮ್ಮನ ಕಡೆ ತಿರುಗಿದರು. “ಹಾಗಾದ್ರೆ ಅರ್ಥ ಏನು? ಮೇಲಿನ ಚಮಚದಲ್ಲಿ ಏನಿಲ್ಲ, ಕೊಪ್ಪರಿಗೆ ತಳದಲ್ಲಿ ಸಿಪ್ಪೆ ಕೂತಿದೆ. ಸಿಪ್ಪೆ ತೆಗೆಯೋ ಬದಲು ಹರಟೆ ಹೊಡೆದಿದ್ದೀರಿ ನಿಮ್ಮ ಹಾಲ್‌ನಲ್ಲಿ.”

ಚಾಕಮ್ಮ ಅಕ್ಕನನ್ನು ನೋಡಿದರು. ಬೈಯುವ ನೋಟವಲ್ಲ, ಬಸ್ಸಿಗೆ ಕಾಯುವವರು ರಸ್ತೆಯ ತುದಿಯನ್ನು ನೋಡುತ್ತಾರಲ್ಲ, ಆ ಥರ ಎಂದಳು ಅಕ್ಕ. ಅಕ್ಕ ನೆಲ ನೋಡಿದಳು. ಚಾಕಮ್ಮ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಮೇಜಿನ ತುದಿಯಲ್ಲಿಟ್ಟು ಹೊರಗೆ ಹೋದರು. ಸಂಜೆಯೊಳಗೆ ಗೇಟಿನ ಪಕ್ಕದ ಹಲಗೆಯ ಮೇಲೆ ನೋಟೀಸು ಬಿತ್ತು: ‘ಅಜಾಗರೂಕತೆಯ ಕಾರಣ ಸಿಪ್ಪೆ ವಿಭಾಗದ ಮುಖ್ಯಸ್ಥೆಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ.’ ಅದು ಅಲ್ಲಿ ಹನ್ನೊಂದು ದಿನ ಇತ್ತು. ಅಕ್ಕ ಹನ್ನೊಂದು ದಿನವೂ ಅದರ ಮುಂದೆಯೇ ಒಳಗೆ ಹೋದಳು, ಅದರ ಮುಂದೆಯೇ ಹೊರಗೆ ಬಂದಳು.

ಹನ್ನೆರಡನೆಯ ದಿನ ಸಂಜೆ ಅವಳು ಮೇಲೆ ಬರಲಿಲ್ಲ. ನಾನು ಬಾಗಿಲಿಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಚೀಲ ತೊಡೆಯ ಮೇಲೆ. ಕೆಳಗೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ನಾನೂ ಒಂದು ಮೆಟ್ಟಿಲು ಮೇಲೆ ಕೂತೆ. ಅವಳು ಬೆನ್ನು ತಿರುಗಿಸಿಕೊಂಡೇ ಎಲ್ಲ ಹೇಳಿದಳು, ಜ್ವರದಿಂದ ನೋಟೀಸಿನ ತನಕ. ನೋಟೀಸು ಇವತ್ತು ತೆಗೆದರು, ತೆಗೆದ ಜಾಗದಲ್ಲಿ ಹಲಗೆಯ ಬಣ್ಣ ಬೇರೆ ಕಾಣುತ್ತೆ ಎಂದು ನಿಲ್ಲಿಸಿದಳು.

“ನಿನಗೆ ರುಚಿ ಗೊತ್ತಾಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಅಕ್ಕಾ” ಎಂದೆ.

ಅವಳು ತಿರುಗಿದಳು. “ಯಾವಾಗಿಂದ?”

“ಹಾಲು ಸೀದ ದಿನದಿಂದ.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ ನೀನು?”

“ನೀನು ಯಾಕೆ ಬಿಡಲಿಲ್ಲ?”

“ನನಗೆ ಇದು ಬಿಟ್ಟು ಇನ್ನೇನು ಬರುತ್ತೆ ಹೇಳೇ? ನಲವತ್ತೊಂಬತ್ತು ವರ್ಷಕ್ಕೆ ಎಲ್ಲಿಗೆ ಹೋಗಲಿ? ನಾಲಿಗೆ ಮೇಡಂ ಅಂತಾರೆ. ನಾಲಿಗೆ ಹೋದ್ರೆ ಬರೀ ಮೇಡಮ್ಮಾ? ನೀನಾದ್ರೂ ಒಂದು ಮಾತು ಕೇಳಿದ್ರೆ ನಾನು ಅಲ್ಲೇ ನಿಲ್ತಿದ್ದೆ.”

ನಿಲ್ಲುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಆದರೆ ನಾನು ಕೇಳಲಿಲ್ಲ ಎಂಬುದಂತೂ ನಿಜ. ನಾನು ಅಷ್ಟು ದಿನ ಉಪ್ಪು ಹೆಚ್ಚುಕಡಿಮೆಯಾದರೂ ಹಾಯಾಗಿ ಅಡುಗೆ ಮಾಡಿಕೊಂಡಿದ್ದೆ, ಅಲ್ಲಿ ಒಬ್ಬ ಹೆಂಗಸಿನ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲಾಗಿತ್ತು. ಅಂಗಡಿಯವನು ಷಟರ್ ಎಳೆದ ಮೇಲೆ ಎದ್ದು ಒಳಗೆ ಹೋದೆವು.

ಮುಂದಿನ ಭಾನುವಾರ ಅಕ್ಕ ಚಾಕಮ್ಮನ ಮನೆಗೆ ಹೊರಟಳು. ಬೀದಿಯ ತಿರುವಿನ ತನಕ ಹೋಗಿ ವಾಪಸು ಬಂದಳು. ಅದರ ಮುಂದಿನ ಭಾನುವಾರವೂ ಅಷ್ಟೇ. ಮೂರನೆಯ ಸಲ ನಾನೂ ಜೊತೆಗೆ ಹೋದೆ, ಇಲ್ಲದಿದ್ದರೆ ಇವಳು ಬೀದಿ ಅಳೆಯುತ್ತಲೇ ಇರುತ್ತಾಳೆ ಎಂದು.

ಚಾಕಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಆಗ ಒಂದು ಹಾಸ್ಟೆಲಿನ ಅಡುಗೆಮನೆಗೆ ತರಕಾರಿ ಹೆಚ್ಚಿಕೊಡುತ್ತಿದ್ದರು. ನಮ್ಮನ್ನು ನೋಡಿದರು, ಕೂತುಕೊಳ್ಳಿ ಎನ್ನಲಿಲ್ಲ. ಕೈ ನಿಲ್ಲಲಿಲ್ಲ.

“ಚಾಕಮ್ಮ, ನನಗೆ ಜ್ವರ ಬಂದಾಗಿನಿಂದ ರುಚಿ ಗೊತ್ತಾಗಲ್ಲ” ಎಂದಳು ಅಕ್ಕ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಅಷ್ಟೇ.

“ಗೊತ್ತು.”

“ಗೊತ್ತಾ?”

“ಅವತ್ತು ಬಟ್ಟಲು ತಂದಾಗ ಗೊತ್ತಾಯ್ತು. ಅಂಥ ಕಹಿ ಬಾಯಿಗೆ ಇಟ್ಕೊಂಡು ನಿಮ್ಮ ಹುಬ್ಬು ಕೂಡ ಅಲುಗಲಿಲ್ಲ. ಆಗ ಹಿಂದಿನದೆಲ್ಲ ಅರ್ಥ ಆಯ್ತು. ನನಗೆ ಕಲಿಸ್ತಿದ್ದೀರಿ ಅಂತ ಮನೇಲೆಲ್ಲಾ ಹೇಳ್ಕೊಂಡು ತಿರುಗಿದ್ದೆ ಮೇಡಂ ನಾನು.”

ನಾನೇ ಕೇಳಿದೆ, “ಹಾಗಿದ್ರೆ ಆಫೀಸಲ್ಲಿ ನೀವೇ ಹೇಳಬಹುದಿತ್ತಲ್ಲಮ್ಮಾ?”

“ನಾನು ಹೇಳಿದ್ರೆ ಯಾರು ನಂಬ್ತಾರೆ? ತನ್ನ ತಪ್ಪು ಮುಚ್ಚೋಕೆ ಮೇಡಂ ಮೇಲೆ ಹಾಕ್ತಾಳೆ ಅಂತಿದ್ರು. ಅದಕ್ಕೂ ಅಲ್ಲ. ಇವರು ಹೇಳ್ತಾರೆ ಅಂತ ಕಾದೆ. ಈಗ ಹೇಳ್ತಾರೆ, ಇನ್ನೊಂದು ಗಳಿಗೆಗೆ ಹೇಳ್ತಾರೆ ಅಂತ.” ಕಾಳುಗಳನ್ನು ಬುಟ್ಟಿಗೆ ಸುರಿದರು. “ಹತ್ತೊಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದ್ದೀವಿ.”

“ತಪ್ಪಾಯ್ತು” ಎಂದಳು ಅಕ್ಕ.

“ನನ್ನ ಹತ್ರ ಹೇಳಿ ಏನು ಬಂತು? ನನಗೆ ಗೊತ್ತಿರೋದೇ. ಗೊತ್ತಿಲ್ಲದವರ ಹತ್ರ ಹೇಳಿ.”

ಸೋಮವಾರ ಬೆಳಿಗ್ಗೆ ಅಕ್ಕ ನೇರ ಯಜಮಾನರ ಆಫೀಸಿಗೆ ಹೋಗಿ ಎಲ್ಲ ಹೇಳಿದಳು. ಅವರು ಮೊದಲು ನಂಬಲಿಲ್ಲ. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಅಕ್ಕ ಎಳೆದುಕೊಂಡು ಒಂದು ಚಮಚ ಬಾಯಿಗೆ ಹಾಕಿ ಅಗಿದು ನುಂಗಿದ ಮೇಲೆ ನಂಬಿದರು. ಎದ್ದು ಬಾಗಿಲು ಹಾಕಿದರು.

“ಇದು ಈ ಕೋಣೆಯಿಂದ ಆಚೆ ಹೋಗಬಾರದಮ್ಮ. ನಮ್ಮ ನಾಲಿಗೆಗೇ ರುಚಿ ಇಲ್ಲ ಅಂತ ಗೊತ್ತಾದ್ರೆ ನಮ್ಮ ಬಾಟಲಿ ಯಾರು ಕೊಳ್ತಾರೆ? ನೀವು ಆರೋಗ್ಯ ಸರಿಯಿಲ್ಲ ಅಂತ ಬರೆದುಕೊಟ್ಟು ನಿವೃತ್ತಿ ತಗೊಳ್ಳಿ, ಮರ್ಯಾದೆಯಿಂದ ಕಳಿಸಿಕೊಡ್ತೀವಿ. ಆ ಹೆಂಗಸನ್ನ ನಾಲ್ಕು ತಿಂಗಳು ಬಿಟ್ಟು ಸದ್ದಿಲ್ಲದೆ ವಾಪಸು ಕರೆದ್ರಾಯ್ತು.”

ಅದು ಎಲ್ಲರಿಗೂ ಅನುಕೂಲದ ದಾರಿ. ಅಕ್ಕ ಒಂದು ನಿಮಿಷ ಆಸೆಪಟ್ಟಳಂತೆ, ಅದನ್ನೂ ನನ್ನಿಂದ ಮುಚ್ಚಿಡಲಿಲ್ಲ. ಆಮೇಲೆ ಯಜಮಾನರಿಗೆ ಕೈಮುಗಿದು ಹೊರಗೆ ಬಂದು, ಊಟದ ಗಂಟೆ ಹೊಡೆಯುವುದನ್ನು ಕಾದು, ಸಿಪ್ಪೆ ಹಾಲಿಗೆ ಹೋದಳು. ಮೂವತ್ತು ನಲವತ್ತು ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದಳು: ಆ ಜಾಮಿನ ತಪ್ಪು ನನ್ನದು, ಚಾಕಮ್ಮ ಎರಡು ಸಲ ಎಚ್ಚರಿಸಿದ್ದರು, ನನಗೆ ರುಚಿ ಗೊತ್ತಾಗುವುದಿಲ್ಲ, ಗೊತ್ತಾಗುತ್ತೆ ಅಂತ ನಟಿಸಿದೆ. ಹಿಂದಿನ ಸಾಲಿನಿಂದ ಒಬ್ಬಳು, “ನಮ್ಮ ಮೇಲೆಲ್ಲಾ ಹರಟೆ ಹೊಡೆಯೋರು ಅಂತ ಬಂತಲ್ಲ ಮೇಡಂ” ಎಂದಳು. “ಹೌದು, ಬಂತು” ಎಂದಳು ಅಕ್ಕ.

ಸಿಪ್ಪೆ ಹಾಲ್‌ನಲ್ಲಿ ಆಡಿದ ಮಾತು ಗೇಟಿನಾಚೆ ಹೋಗದೆ ಇರುತ್ತದೆಯೇ? ಯಜಮಾನರು ಕೆಂಡವಾದರು, ಆದರೆ ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಚಾಕಮ್ಮನಿಗೆ ಹೇಳಿಕಳಿಸಿದರು. ಚಾಕಮ್ಮ ಒಂದು ಷರತ್ತು ಹಾಕಿದರು: ತನ್ನ ತಪ್ಪಿಲ್ಲ ಎಂದು ಅದೇ ಹಲಗೆಯ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹನ್ನೊಂದು ದಿನ ನೋಟೀಸು ಹಾಕಬೇಕು, ಹನ್ನೆರಡನೆಯ ದಿನ ತಾನು ಬರುತ್ತೇನೆ. ಹಾಕಿದರು. ಹನ್ನೆರಡನೆಯ ದಿನ ಬಂದರು.

ಬಂದ ವಾರವೇ ಎರಡು ಹಣ್ಣನ್ನೂ ಹೊಸದಾಗಿ ಹೋಲಿಸಬೇಕೆಂದು ಯಜಮಾನರು ಹೇಳಿದರು. ಈ ಸಲ ಒಬ್ಬರ ನಾಲಿಗೆಯನ್ನು ನಂಬುವ ಮಾತಿಲ್ಲ. ಸಿಪ್ಪೆ ಹಾಲಿನಿಂದ ಚಾಕಮ್ಮ ಸೇರಿ ಏಳು ಹೆಂಗಸರು ಕೂತರು. ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಅಕ್ಕನದು. ಅದು ಅವಳೇ ಕೇಳಿಕೊಂಡ ಕೆಲಸ, ಅಲ್ಲಿ ಅವಳ ಕೊನೆಯ ಕೆಲಸ ಕೂಡ. ಏಳು ಜನ ಏಳು ಥರ ಹೇಳಿದರು. ನೆಲ್ಲಿ ಜಾಮಾಗಿ ಬೇಡ, ಮಸಿಬಟ್ಟೆ ಬಣ್ಣ, ಆದರೆ ಇಡೀ ಕಾಯಿಯನ್ನು ಚುಚ್ಚಿ ಪಾಕದಲ್ಲಿ ಹಾಕಿಟ್ಟರೆ ಬಾಯಲ್ಲಿ ಗಂಟೆಗಟ್ಟಲೆ ರುಚಿ ಇರುತ್ತದೆ ಎಂದಳು ಒಬ್ಬಳು. ನೆಲ್ಲಿಯದು ತಡವಾಗಿ ಬರುವ ಸಿಹಿ, ಕಾಯುವ ತಾಳ್ಮೆ ಇರುವವರಿಗೆ ಎಂದಳು ಇನ್ನೊಬ್ಬಳು. ಮರಟೊಮೆಟೊ ಮೊದಲ ಚಮಚಕ್ಕೇ ಎಲ್ಲ ಕೊಟ್ಟುಬಿಡುತ್ತದೆ, ದಪ್ಪಗೆ ಸುಲಿದು ಒಳಗಿನ ತೆಳು ಪದರ ಕೆರೆದರೆ ಕಹಿಯ ಸುಳಿವೂ ಇಲ್ಲ ಎಂದರು ಚಾಕಮ್ಮ. ಜಾಮಿಗೆ ಅದೇ ಆಗಬೇಕು ಎಂದು ಏಳರಲ್ಲಿ ಐವರು ಒಪ್ಪಿದರು.

ಅಂದರೆ ಅಕ್ಕ ಆರಿಸಿದ ಹಣ್ಣೇ ಸರಿ. ಅದನ್ನು ಬರೆಯುವುದೇ ಹೆಚ್ಚು ಕಷ್ಟವಾಯಿತು ಎಂದಳು. ತೀರ್ಪು ತಪ್ಪಾಗಿದ್ದರೆ ಗೊತ್ತಿಲ್ಲದೆ ಎಡವಿದೆ ಅಂದುಕೊಳ್ಳಬಹುದಿತ್ತು, ಹಣ್ಣನ್ನೇ ಬೈಯಬಹುದಿತ್ತು. ಹಣ್ಣು ಒಳ್ಳೆಯದೇ. ಸಿಪ್ಪೆ ಸ್ವಲ್ಪ ದಪ್ಪಗೆ ತೆಗೆಯಿರಿ ಎಂಬ ಒಂದೇ ಒಂದು ಮಾತನ್ನು, ಬೇರೆಯವರು ಕೈಗಿಟ್ಟ ಮಾತನ್ನು, ಅವಳು ಬರೆಯಲಿಲ್ಲ.

ಈಗ ಅಕ್ಕ ಮನೆಯಲ್ಲೇ ಇದ್ದಾಳೆ. ನಾನು ಕತ್ತರಿಸಿ ಹೊಲಿಯುತ್ತೇನೆ, ಅವಳು ಕಾಜಾ ಹಾಕಿ ಗುಂಡಿ ಕೂರಿಸುತ್ತಾಳೆ. ಅವಳ ಕಾಜಾ ನನ್ನದಕ್ಕಿಂತ ಅಚ್ಚುಕಟ್ಟು, ಅದನ್ನು ಹೇಳಿಯೂ ತೋರಿಸುತ್ತಾಳೆ. ವೈದ್ಯರಿಗೆ ತೋರಿಸಿದೆವು, ರುಚಿ ವಾಪಸು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಗಿರಾಕಿಗಳು ಯಾಕೆ ಕೆಲಸ ಬಿಟ್ಟಿರಿ ಎಂದು ಕೇಳಿದರೆ ಆರೋಗ್ಯ ಅನ್ನುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾಳೆ. ಕೆಲವರಿಗೆ ಮುಜುಗರವಾಗಿ ಬ್ಲೌಸಿನ ಅಳತೆ ಕೊಡುವುದನ್ನೇ ಮರೆಯುತ್ತಾರೆ.

ಕಳೆದ ವಾರ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನ ಪಕ್ಕದ ಬೆಂಚಿನಲ್ಲಿ ಚಾಕಮ್ಮ ಕೂತಿದ್ದರು. ನಮ್ಮನ್ನು ನೋಡಿ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಜಾಗ ಬಿಟ್ಟರು ಎಂದು ನನಗೆ ಅನ್ನಿಸಿತು. ಅಕ್ಕನಿಗೆ ಧೈರ್ಯ ಬರಲಿಲ್ಲ, ನಿಂತೇ ಇದ್ದಳು.

“ಮಂಡಿನಾ?” ಎಂದಳು ಅಕ್ಕ.

“ಮಂಡಿ. ನಿಂತೂ ನಿಂತೂ ಹೋಯ್ತು. ನಿಮಗೆ?”

“ಬಿ.ಪಿ.”

“ಮಾತ್ರೆ ಬಿಡಬೇಡಿ” ಎಂದರು ಚಾಕಮ್ಮ. ಅಷ್ಟರಲ್ಲಿ ಅವರ ನಂಬರು ಕೂಗಿದರು, ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ದಾರಿಯಲ್ಲಿ ಅಕ್ಕ ಕೇಳಿದಳು, “ಅವರು ನನ್ನನ್ನ ಕ್ಷಮಿಸಿದ್ದಾರೆ ಅಂತೀಯಾ?”

“ಗೊತ್ತಿಲ್ಲ” ಎಂದೆ. “ನೀನು ಕೇಳೋಕೆ ಹೋಗಬೇಡ.”

“ಇಲ್ಲ, ಕೇಳಲ್ಲ” ಎಂದಳು. ಇಬ್ಬರೂ ರಸ್ತೆ ದಾಟಿದೆವು.